ಯಕೃತ್ತಿನಲ್ಲಿ ಮಲಗಿದವರು

ಮಂಗಳೂರಿನ ಮಳೆಗಾಲ. ಪಕ್ಕದ ಮನೆಯ ಹುಡುಗನಿಗೆ ವೈವ್ಯಾಕ್ಸ್ ಮಲೇರಿಯಾ. "ಜ್ವರ ಬಿಟ್ಟಿದೆಯಲ್ಲ ಮಾರಾಯ್ರೆ, ಇನ್ನು 14 ದಿನ ಪ್ರೈಮಾಕ್ವಿನ್ ಮಾತ್ರೆ ಎಂತಕ್ಕೆ?" ಅಂತ ಅವನ ತಕರಾರು.

ಪ್ರಶ್ನೆ ನ್ಯಾಯವಾದದ್ದೇ. ಹೆಣ್ಣು ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನ ಜೊತೆ ಒಳಬರುವ ಸ್ಪೋರೋಜೋಯಿಟ್ ಎಂಬ ರೂಪದ ಮಲೇರಿಯಾ ಪರಾವಲಂಬಿಗಳು ಮೊದಲು ಸೇರುವುದು ಯಕೃತ್ತನ್ನು. ಅಲ್ಲಿ ಒಂದಕ್ಕೆ ಸಾವಿರಾರಾಗಿ, ಮೀರೋಜೋಯಿಟ್ ಎಂಬ ಹೊಸ ರೂಪದಲ್ಲಿ ರಕ್ತಕ್ಕಿಳಿಯುತ್ತವೆ. ಸುಮಾರು 48 ಗಂಟೆಗೊಮ್ಮೆ ಕೆಂಪು ರಕ್ತಕಣಗಳನ್ನು ಒಡೆದು ಹೊರಬರುವಾಗಲೇ ಆ ಗಡಗಡ ನಡುಕ. ಜ್ವರ ಬಿಡಿಸುವ ಕ್ಲೋರೋಕ್ವಿನ್ ಮಾತ್ರೆ ಕೊಲ್ಲುವುದು ಈ ರಕ್ತದಲ್ಲಿರುವವನ್ನು. ಆದರೆ ವೈವ್ಯಾಕ್ಸ್‌ನ ಒಂದಷ್ಟು ಪರಾವಲಂಬಿಗಳು ಯಕೃತ್ತಿನಲ್ಲೇ ಹಿಪ್ನೋಜೋಯಿಟ್ ಆಗಿ ಮಲಗಿಬಿಡುತ್ತವೆ. ತಿಂಗಳುಗಳ ನಂತರ ಎದ್ದರೆ ಹೊಸ ಸೊಳ್ಳೆ ಕಚ್ಚದೆಯೂ ಜ್ವರ ಹಾಜರ್! ಪ್ರೈಮಾಕ್ವಿನ್ ಇವುಗಳಿಗಾಗಿ. (ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆ ಅಪಾಯ, ಡಾಕ್ಟರನ್ನು ಕೇಳದೆ ನುಂಗಬೇಡಿ.) ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂ ಪ್ರಾಣಕ್ಕೇ ಎರವಾಗಬಲ್ಲದು, ಆದರೆ ಅದಕ್ಕೆ ಈ ಮಲಗುವ ಚಾಳಿ ಇಲ್ಲ.

ನನಗೆ ಸೋಜಿಗವೆನಿಸುವುದು ಇದು. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಪರಾವಲಂಬಿಯನ್ನು ಕಂಡದ್ದು 1897ರಲ್ಲಿ. ನಮ್ಮದೇ ಯಕೃತ್ತಿನೊಳಗೆ ಅದು ಏನು ಮಾಡುತ್ತದೆಂದು ವಿಜ್ಞಾನಿಗಳಾದ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ತೋರಿಸಿದ್ದು 1948ರಲ್ಲಿ. ಸೊಳ್ಳೆಯ ಹೊಟ್ಟೆ ಗೊತ್ತಾಗಿ ಅರ್ಧ ಶತಮಾನ ಕಳೆದ ಮೇಲೆ!