ಕಾರಿನ ಹದಿನಾರು ವರ್ಷ, ಬೈಕಿನ ಎಂಟು ವಾರ: ಕಲಿಕೆಯ ದಿನಚರಿ

ಜೂನ್ 8, 2025, ಭಾನುವಾರ

ಕಾರು ಓಡಿಸಲು ಕಲಿತು ಹದಿನಾರು ವರ್ಷಗಳಾಗಿವೆ. ಮಡಿಕೇರಿಯ ತಿರುವುಗಳಲ್ಲಿ, ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ, ಮಳೆ ಸುರಿಯುವ ರಾತ್ರಿಗಳಲ್ಲಿ ಸಾಕಷ್ಟು ಓಡಿಸಿದ್ದೇನೆ. ಆದರೆ ಗೇರ್ ಇರುವ ಬೈಕನ್ನು ನಲವತ್ತನಾಲ್ಕನೆಯ ವಯಸ್ಸಿನವರೆಗೂ ಮುಟ್ಟಿರಲಿಲ್ಲ. ಕಚೇರಿಯು ಮೈಸೂರಿನ ದೇವರಾಜ ಅರಸು ರಸ್ತೆಯ ಸಮೀಪಕ್ಕೆ ಬಂದ ಮೇಲೆ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೆಳಗಿನ ಅರ್ಧ ಗಂಟೆ ಕಳೆಯತೊಡಗಿತು. ಹೆಂಡತಿಯ ತಮ್ಮ ತನ್ನ 2014ರ 150 ಸಿಸಿ ಯೂನಿಕಾರ್ನ್ ಬೈಕನ್ನು ನನಗೆ ಕೊಟ್ಟು, ಕಲಿಸುವ ಹೊಣೆಯನ್ನೂ ತಾನೇ ಹೊತ್ತುಕೊಂಡಿದ್ದಾನೆ.

ಕಾರಿನ ಡಿಎಲ್ (ಚಾಲನಾ ಪರವಾನಗಿ) ಇದ್ದರೆ ಬೈಕಿಗೂ ನಡೆಯುತ್ತದೆ ಎಂದು ಹೇಳುವವರು ಇಂದಿಗೂ ಸಿಗುತ್ತಾರೆ. ಅದು ನಡೆಯುವುದಿಲ್ಲ. ನನ್ನ ಡಿಎಲ್‌ನಲ್ಲಿ ಇದ್ದದ್ದು ಎಲ್‌ಎಂವಿ (ಕಾರಿನಂಥ ಲಘು ವಾಹನ) ಮಾತ್ರ. ಗೇರ್ ಇರುವ ದ್ವಿಚಕ್ರ ವಾಹನ ಬೇರೆಯೇ ವರ್ಗವಾದ್ದರಿಂದ ಅದಕ್ಕೆ ಹೊಸದಾಗಿ ಕಲಿಯುವವರ ಪರವಾನಗಿ, ಅಂದರೆ ಎಲ್‌ಎಲ್ ಪಡೆಯಬೇಕು. ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿದೆ. ನಲವತ್ತು ದಾಟಿದವರಿಗೆ ವೈದ್ಯರ ಸಹಿಯುಳ್ಳ ನಮೂನೆ 1ಎ ಬೇಕಾಗುವುದರಿಂದ ಅದನ್ನೂ ಸೇರಿಸಿದೆ. ಜೂನ್ 4ರಂದು ಎಲ್‌ಎಲ್ ಕೈಗೆ ಬಂತು. ಅದು ಆರು ತಿಂಗಳು ಊರ್ಜಿತವಾಗಿರುತ್ತದೆ, ಆದರೆ ಮೂವತ್ತು ದಿನ ತುಂಬದೆ ಪರೀಕ್ಷೆಗೆ ಹೋಗುವಂತಿಲ್ಲ. ಹದಿನೆಂಟು ಸೆಂಟಿಮೀಟರ್ ಚೌಕದ ಬಿಳಿ ಹಾಳೆಯ ಮೇಲೆ ಕೆಂಪು ಬಣ್ಣದಲ್ಲಿ ಎಲ್ ಅಕ್ಷರ ಬರೆದು ಬೈಕಿನ ಹಿಂದೆ ಮುಂದೆ ಅಂಟಿಸಿದ್ದೇವೆ. ಡಿಎಲ್ ಇದ್ದು ಕಲಿಸುವವನಾಗಿ ಹಿಂದೆ ಕೂರುವವನನ್ನು ಬಿಟ್ಟರೆ ಇನ್ನಾರನ್ನೂ ಈ ಅವಧಿಯಲ್ಲಿ ಕೂರಿಸಿಕೊಳ್ಳುವಂತಿಲ್ಲವೆಂದು ಮಗಳಿಗೆ ತಿಳಿಸಿ ಹೇಳಬೇಕಾಯಿತು.

ಈ ದಿನಚರಿಯನ್ನು ಬರೆಯಲು ಒಂದು ಕಾರಣವಿದೆ. ಹದಿನೆಂಟರ ಹುಡುಗರು ಏನೂ ತಿಳಿಯದೆ ಬೈಕು ಕಲಿಯುತ್ತಾರೆ. ನಾನಾದರೋ ಅರ್ಧ ತಿಳಿದುಕೊಂಡು ಕಲಿಯುತ್ತಿದ್ದೇನೆ. ಆ ಅರ್ಧದಲ್ಲಿ ಯಾವುದು ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ ಎಂಬುದನ್ನು ಆಯಾ ದಿನವೇ ಬರೆದಿಡುವ ಆಸೆ ನನ್ನದು.

ಜೂನ್ 15, ಭಾನುವಾರ

ವಿಜಯನಗರ ನಾಲ್ಕನೇ ಹಂತದಲ್ಲಿ ಇನ್ನೂ ಮನೆ ಕಟ್ಟದ ಸೈಟುಗಳ ನಡುವಿನ ರಸ್ತೆಗಳು ಬೆಳಿಗ್ಗೆ ಆರರಿಂದ ಎಂಟರವರೆಗೆ ಬಹುತೇಕ ಖಾಲಿ ಇರುತ್ತವೆ. ಮೊದಲ ಎರಡು ದಿನ, ಕ್ಲಚ್ಚನ್ನು ಅರ್ಧವಷ್ಟೇ ಬಿಟ್ಟು, ಹಾಫ್ ಕ್ಲಚ್‌ನಲ್ಲಿ ನಡಿಗೆಯ ವೇಗದಲ್ಲಿ ಸಾಗುವುದು, ನಿಲ್ಲುವುದು, ಮತ್ತೆ ಹೊರಡುವುದು ಇಷ್ಟನ್ನೇ ಮಾಡಿದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬ ಸೂಕ್ಷ್ಮವನ್ನು ಕಾರಿನಿಂದ ಬಂದವನು ಬೇಗ ಗ್ರಹಿಸುತ್ತಾನೆ. ಇಲ್ಲಿ ಅದು ಪಾದದಲ್ಲಿಲ್ಲ, ಎಡಗೈಯ ನಾಲ್ಕು ಬೆರಳುಗಳಲ್ಲಿದೆ ಎಂಬುದಷ್ಟೇ ವ್ಯತ್ಯಾಸ. ಎರಡನೆಯ ದಿನಕ್ಕೆ ಬೈಕು ಆಫ್ ಆಗುವುದು ನಿಂತಿತು.

ನಿಜವಾದ ತೊಂದರೆ ನಾಲ್ಕನೆಯ ದಿನ ಕಾಣಿಸಿಕೊಂಡಿತು. ಮೂರನೇ ಗೇರಿನಲ್ಲಿ ಮೂವತ್ತರ ಆಸುಪಾಸಿನಲ್ಲಿ ಹೋಗುತ್ತಿದ್ದಾಗ ಪೊದೆಯ ಮರೆಯಿಂದ ನಾಯಿಯೊಂದು ಅಡ್ಡ ಬಂತು. ನನ್ನ ಎರಡೂ ಪಾದಗಳು ಒಟ್ಟಿಗೆ ಕೆಳಕ್ಕೆ ಒತ್ತಿದವು. ಕಾರಿನಲ್ಲಾದರೆ ಎಡಗಾಲು ಕ್ಲಚ್ಚನ್ನೂ ಬಲಗಾಲು ಬ್ರೇಕನ್ನೂ ತುಳಿದು, ಗಾಡಿ ಅಲ್ಲಾಡದೆ ನಿಲ್ಲುತ್ತಿತ್ತು. ಈ ಬೈಕಿನಲ್ಲಿ ಎಡಗಾಲಿನ ಕೆಳಗಿರುವುದು ಗೇರು, ಅದನ್ನು ಕೆಳಕ್ಕೆ ಒತ್ತಿದರೆ ಗೇರು ಇಳಿಯುತ್ತದೆ. ಕೈಯಲ್ಲಿನ ಕ್ಲಚ್ಚನ್ನು ಹಿಡಿಯದೆ ಮೂರರಿಂದ ಎರಡಕ್ಕೆ ಇಳಿಸಿದ್ದರಿಂದ ಎಂಜಿನ್ ಒಮ್ಮೆಲೇ ಗಾಡಿಯನ್ನು ಹಿಂದಕ್ಕೆ ಎಳೆಯಿತು. ಅದೇ ಗಳಿಗೆಯಲ್ಲಿ ಬಲಗಾಲು ಹಿಂದಿನ ಬ್ರೇಕನ್ನು ಪೂರ್ತಿ ತುಳಿದಿತ್ತು. ಹಿಂದಿನ ಚಕ್ರ ಕಿರ್ರೆಂದು ಉಜ್ಜಿಕೊಂಡು ಒಂದು ಮೊಳದಷ್ಟು ಎಡಕ್ಕೆ ಸರಿಯಿತು. ಬೀಳಲಿಲ್ಲ, ನಾಯಿಗೂ ಏನೂ ಆಗಲಿಲ್ಲ. ಆದರೆ ಗಾಡಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಮೊಣಕಾಲು ನಡುಗುತ್ತಿತ್ತು.

ಇದನ್ನು ನಾನು ಇಡೀ ವಾರ ಯೋಚಿಸಿದೆ. ಬಲಗಾಲಿನ ಅಭ್ಯಾಸ ಅರ್ಧ ಸರಿ, ಎಡಗಾಲಿನ ಅಭ್ಯಾಸ ಪೂರ್ತಿ ತಪ್ಪು, ಮುಖ್ಯ ಬ್ರೇಕು ಇರುವ ಬಲಗೈಗೆ ಅಭ್ಯಾಸವೇ ಇಲ್ಲ. ನಿಧಾನವಾಗಿ ಹೋಗುವಾಗ ಇದೊಂದೂ ಗೊತ್ತಾಗುವುದಿಲ್ಲ, ಏಕೆಂದರೆ ಆಗ ಮನಸ್ಸು ಯೋಚಿಸಿ ಕೈಕಾಲುಗಳಿಗೆ ಹೇಳುತ್ತಿರುತ್ತದೆ. ಗಾಬರಿಯ ಕ್ಷಣದಲ್ಲಿ ಮಾತ್ರ ಹದಿನಾರು ವರ್ಷದ ರೂಢಿಯೇ ಮುಂದೆ ಬಂದು ನಿಲ್ಲುತ್ತದೆ.

ಬೈಕುಗಳಲ್ಲಿ ಈ ಕಾಲಿನ ವಿನ್ಯಾಸವೂ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಹಳೆಯ ಬುಲೆಟ್ಟುಗಳಲ್ಲಿ ಗೇರು ಬಲಗಾಲಿಗೂ ಬ್ರೇಕು ಎಡಗಾಲಿಗೂ ಇದ್ದವು. ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಲ್ಲಿ ಗೇರಿನ ಪೆಡಲನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಅಪ್ಪ ಅದನ್ನು ಓಡಿಸುತ್ತಿದ್ದರು, ಟ್ಯಾಂಕಿನ ಮೇಲೆ ಕುಳಿತು ನಾನು ಅವರ ಎಡಗಾಲನ್ನೇ ನೋಡುತ್ತಿದ್ದೆ. ಈಗಲೂ ಸ್ಪ್ಲೆಂಡರಿನಲ್ಲಿ ನಾಲ್ಕು ಗೇರುಗಳೂ ಕೆಳಮುಖವಾಗಿಯೇ ಬೀಳುತ್ತವೆ, ಈ ಯೂನಿಕಾರ್ನಿನಲ್ಲಿ ಒಂದು ಕೆಳಗೆ, ಉಳಿದವು ಮೇಲೆ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಬೇರೆ ಯಾರ ಬೈಕನ್ನೂ ಓಡಿಸಿ ನೋಡಬಾರದೆಂದು ನಿರ್ಧರಿಸಿದ್ದೇನೆ.

ಜೂನ್ 22, ಭಾನುವಾರ

ಈ ವಾರ ಬ್ರೇಕನ್ನು ಬಿಟ್ಟು ಬೇರೇನನ್ನೂ ಅಭ್ಯಾಸ ಮಾಡಲಿಲ್ಲ. ರಸ್ತೆಗೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು, ಮೂವತ್ತರ ವೇಗದಲ್ಲಿ ಬಂದು, ಮುಂದಿನ ಚಕ್ರ ಗೆರೆ ಮುಟ್ಟಿದೊಡನೆ ಎರಡೂ ಬ್ರೇಕು ಹಿಡಿದು ನಿಲ್ಲಿಸುವುದು, ಭಾವಮೈದ ಟೇಪಿನಿಂದ ಅಳೆಯುವುದು. ಮೊದಲ ದಿನ ಹದಿಮೂರು ಮೀಟರ್ ಹಿಡಿದದ್ದು ಶನಿವಾರದ ಹೊತ್ತಿಗೆ ಎಂಟೂವರೆಗೆ ಇಳಿಯಿತು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಆದರೆ ಅದನ್ನು ಸರಕ್ಕನೆ ಎಳೆಯಬಾರದು, ಭಾರ ಮುಂದಕ್ಕೆ ಬರಲು ಒಂದು ಕ್ಷಣ ಕೊಟ್ಟು ಬಿಗಿಗೊಳಿಸುತ್ತ ಹೋಗಬೇಕು. "ಭಾವ, ನಿಂಬೆಹಣ್ಣು ಹಿಂಡಿದಂಗೆ ಹಿಂಡಿ, ಕಿತ್ಕೊಳ್ಳಬೇಡಿ" ಎಂದು ಅವನು ಹೇಳಿಕೊಟ್ಟದ್ದು ಯಾವ ವಿವರಣೆಗಿಂತಲೂ ಚೆನ್ನಾಗಿ ನಾಟಿತು.

ಕಾರಿನಲ್ಲಿ, ಬ್ರೇಕು ಒತ್ತಿದಾಗ ಚಕ್ರ ಸಿಲುಕದಂತೆ ತಡೆಯುವ ಎಬಿಎಸ್ ಇರುವುದರಿಂದ ಅಪಾಯ ಕಂಡರೆ ಪೂರ್ತಿ ತುಳಿದುಬಿಡುವುದು ನನಗೆ ಅಭ್ಯಾಸ. 125 ಸಿಸಿಗಿಂತ ದೊಡ್ಡ ಬೈಕುಗಳೆಲ್ಲಕ್ಕೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಈ ಬೈಕು ಅದಕ್ಕಿಂತ ಹಿಂದಿನದು, ಇದರಲ್ಲಿ ಚಕ್ರ ಸಿಲುಕಿಕೊಂಡರೆ ಬಿಡಿಸುವುದು ನನ್ನ ಬೆರಳುಗಳೇ.

ಬಿದ್ದದ್ದನ್ನೂ ಬರೆಯಬೇಕು. ಗುರುವಾರ ಮನೆ ಕಟ್ಟುತ್ತಿದ್ದ ಕಡೆಯ ತಿರುವಿನಲ್ಲಿ ಎಂ-ಸ್ಯಾಂಡ್ ಚೆಲ್ಲಿತ್ತು. ವೇಗ ಹತ್ತು ಕಿಲೋಮೀಟರ್ ಕೂಡ ಇರಲಿಲ್ಲ. ಹ್ಯಾಂಡಲ್ ಎಡಕ್ಕೆ ತಿರುಗಿದ್ದಾಗ, ಎದುರಿಗೆ ಬಂದ ಹಾಲಿನ ಗಾಡಿಯನ್ನು ಕಂಡು ಮುಂದಿನ ಬ್ರೇಕು ಹಿಡಿದೆ. ಮುಂದಿನ ಚಕ್ರ ಮರಳಿನ ಮೇಲೆ ಜಾರಿ, ಬೈಕು ಎಡಕ್ಕೆ ಮಲಗಿತು. ಅಂಗೈ ತರಚಿತು, ಕ್ಲಚ್ ಲಿವರಿನ ತುದಿ ಬಗ್ಗಿತು. ಅದೇ ಮರಳಿನ ಮೇಲೆ ವಾರದ ಹಿಂದಷ್ಟೇ ಕಾರಿನಲ್ಲಿ ಹೋಗಿದ್ದೆ, ಆಗ ಅದು ಇದ್ದದ್ದೇ ನನಗೆ ಗೊತ್ತಾಗಿರಲಿಲ್ಲ. ಕಾರಿನಲ್ಲಿ ನಾನು ರಸ್ತೆಯ ಮೇಲಿರುವ ಗಾಡಿಗಳನ್ನು ನೋಡುತ್ತಿದ್ದೆ, ರಸ್ತೆಯನ್ನೇ ನೋಡುತ್ತಿರಲಿಲ್ಲ. ಈಗ ಮ್ಯಾನ್‌ಹೋಲಿನ ಮುಚ್ಚಳ, ಜೀಬ್ರಾ ಪಟ್ಟೆಯ ನುಣುಪು ಬಣ್ಣ, ಮಳೆಗೆ ಉದುರಿದ ಹೂವು, ಬಸ್ಸು ನಿಲ್ಲುವಲ್ಲಿ ತೊಟ್ಟಿಕ್ಕಿದ ಎಣ್ಣೆ ಎಲ್ಲವೂ ಕಣ್ಣಿಗೆ ಬೀಳುತ್ತಿವೆ.

ಜುಲೈ 6, ಭಾನುವಾರ

ಎರಡು ವಾರಗಳಿಂದ ಊರಿನ ರಸ್ತೆಗಳಲ್ಲಿ ಓಡಿಸುತ್ತಿದ್ದೇನೆ. ಇಲ್ಲಿ ಕಾರಿನ ಅನುಭವ ನಿಜಕ್ಕೂ ನೆರವಿಗೆ ಬಂತು. ನಿಂತ ಆಟೋದ ಮುಂದಿನ ಚಕ್ರ ಹೊರಳಿದ್ದರೆ ಅದು ಈಗ ಹೊರಡುತ್ತದೆ, ಬಸ್ಸಿನ ಹಿಂಬದಿಯಿಂದ ಇಳಿದವರು ಅದರ ಮುಂದಿನಿಂದ ರಸ್ತೆ ದಾಟುತ್ತಾರೆ, ಬ್ರೇಕ್ ದೀಪ ಹೊತ್ತುವ ಮೊದಲೇ ಕಾರಿನ ಮೂತಿ ತಗ್ಗುತ್ತದೆ. ಇಂಥವೆಲ್ಲ ಹೇಳಿಕೊಡದೆ ತಿಳಿದಿದ್ದವು. ಕಾರಿನವನಿಗೆ ಎಲ್ಲೆಲ್ಲಿ ಕಣ್ಣು ಹಾಯುವುದಿಲ್ಲ ಎಂಬುದೂ ನನಗೆ ಚೆನ್ನಾಗಿ ಗೊತ್ತು. ಮುಂದಿನ ಗಾಜಿನ ಪಕ್ಕದ ಕಂಬದ ಹಿಂದೆ ಒಂದಿಡೀ ಬೈಕು ಮರೆಯಾಗಿಬಿಡುತ್ತದೆ, ಎಡಗನ್ನಡಿಯ ಅಂಚಿನಲ್ಲಿರುವವನು ಕಾಣುವುದೇ ಇಲ್ಲ. ಆ ಜಾಗಗಳಲ್ಲಿ ನಾನು ನಿಲ್ಲುವುದಿಲ್ಲ.

ಆದರೂ ಮೂರು ತಪ್ಪುಗಳನ್ನು ಮತ್ತೆ ಮತ್ತೆ ಮಾಡಿದೆ. ಮೊದಲನೆಯದು ನನಗೇ ಆಶ್ಚರ್ಯ ತಂದದ್ದು. ನಾನು ಯಾವಾಗಲೂ ರಸ್ತೆಯ ನಡುಗೆರೆಗೆ ತೀರ ಹತ್ತಿರದಲ್ಲಿ ಓಡಿಸುತ್ತೇನೆಂದು ಭಾವಮೈದ ಎಚ್ಚರಿಸಿದ. ಯೋಚಿಸಿದಾಗ ಕಾರಣ ಹೊಳೆಯಿತು. ಕಾರಿನಲ್ಲಿ ಚಾಲಕ ಕೂರುವುದು ಬಲಬದಿಯಲ್ಲಿ, ಆದ್ದರಿಂದ ನಡುಗೆರೆಯು ಬಲಗಡೆ ಇಷ್ಟೇ ದೂರದಲ್ಲಿ ಕಾಣಬೇಕೆಂದು ಕಣ್ಣಿಗೆ ರೂಢಿಯಾಗಿದೆ. ಬೈಕಿನ ಮೇಲೂ ಕಣ್ಣು ಅದೇ ಅಂತರವನ್ನು ಬಯಸುತ್ತದೆ. ಕಾರಿಗಾದರೆ ಎಡಕ್ಕೆ ಇನ್ನೂ ಮೈ ಉಳಿದಿರುತ್ತದೆ, ಬೈಕಿಗೆ ಉಳಿಯುವುದು ಖಾಲಿ ಜಾಗ. ಆ ಜಾಗದಲ್ಲಿ ಎಡದಿಂದ ನುಗ್ಗಿ ಬರುವವರಿಗೆ ನಾನೇ ದಾರಿ ಮಾಡಿಕೊಟ್ಟಂತಾಗುತ್ತಿತ್ತು, ಎದುರಿನಿಂದ ಬರುವ ಬಸ್ಸಿಗೂ ಬಲಗೈ ಅತಿ ಸಮೀಪವಾಗುತ್ತಿತ್ತು.

ಎರಡನೆಯದು ಇಂಡಿಕೇಟರ್. ಕಾರಿನಲ್ಲಿ ಸ್ಟಿಯರಿಂಗ್ ಮರಳಿದಾಗ ಅದು ತಾನೇ ಆರುತ್ತದೆ, ಇಲ್ಲಿ ನಾವೇ ಆರಿಸಬೇಕು. ಕುವೆಂಪುನಗರದಲ್ಲಿ ಎಡಕ್ಕೆ ತಿರುಗಿದ ಮೇಲೂ ಅದು ಮಿನುಗುತ್ತಲೇ ಇತ್ತು. ಆಟೋ ಚಾಲಕರೊಬ್ಬರು ಪಕ್ಕಕ್ಕೆ ಬಂದು "ಸಾರ್, ಇಂಡಿಕೇಟರ್ ತೆಗೀರಿ" ಎಂದಾಗಲೇ ಗೊತ್ತಾದದ್ದು. ಅಷ್ಟರಲ್ಲಿ ಅಡ್ಡರಸ್ತೆಯಿಂದ ಯಾರಾದರೂ ನಾನು ತಿರುಗುತ್ತೇನೆಂದು ನಂಬಿ ಮುಂದೆ ಬಂದಿದ್ದರೆ ತಪ್ಪು ನನ್ನದೇ ಆಗುತ್ತಿತ್ತು. ಮೂರನೆಯದು ಸಿಗ್ನಲಿನಲ್ಲಿ ಮೂರನೇ ಗೇರಿನಲ್ಲೇ ನಿಂತುಬಿಡುವುದು. ಕಾರಿನಲ್ಲಿ ನಿಂತ ಮೇಲೆ ನೇರವಾಗಿ ಒಂದಕ್ಕೆ ಹಾಕಬಹುದು, ಇಲ್ಲಿ ನಿಲ್ಲುವ ಮೊದಲೇ ಒಂದೊಂದಾಗಿ ಇಳಿದು ಬರಬೇಕು.

ಮೈಸೂರಿನಲ್ಲಿ ಕಲಿಯುವವನಿಗೆ ವೃತ್ತಗಳೇ ದೊಡ್ಡ ಪಾಠ. ವೃತ್ತವನ್ನು ಪ್ರವೇಶಿಸುವವನು ತನ್ನ ಬಲದಿಂದ ಬರುವವರಿಗೆ ದಾರಿ ಬಿಡಬೇಕೆಂಬುದು ನಿಯಮ. ಕಾರಿನಲ್ಲಿ ಹಾರ್ಡಿಂಜ್ ಸರ್ಕಲ್ಲಿಗೆ ಬಂದಾಗ ನಾನು ಆ ನಿಯಮವನ್ನು ಪೂರ್ತಿ ಪಾಲಿಸುತ್ತಿರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ಮೂತಿಯನ್ನು ಸ್ವಲ್ಪ ಮುಂದಕ್ಕೆ ಹಾಕಿದರೆ ಉಳಿದವರು ನಿಧಾನಿಸುತ್ತಿದ್ದರು, ಅದನ್ನೇ ಕೌಶಲವೆಂದು ತಿಳಿದಿದ್ದೆ. ಬೈಕಿನ ಮೇಲೆ ಮುಂದಕ್ಕೆ ಚಾಚಲು ನನ್ನ ಮೊಣಕಾಲಲ್ಲದೆ ಬೇರೇನೂ ಇಲ್ಲ. ಹಾಗಾಗಿ ಬಲಕ್ಕೆ ಪೂರ್ತಿ ಕತ್ತು ತಿರುಗಿಸಿ ನೋಡಿ, ಜಾಗ ಸಿಕ್ಕಾಗಲೇ ಒಳಹೋಗುತ್ತೇನೆ. ಶನಿವಾರ ಕಾರನ್ನು ತೆಗೆದುಕೊಂಡು ಹೋದಾಗಲೂ ಹಾಗೆಯೇ ಕಾದೆ.

ಜುಲೈ 10, ಗುರುವಾರ

ಪರೀಕ್ಷೆಯಲ್ಲಿ ಅನುತ್ತೀರ್ಣನಾದೆ. ಎಂಟು ಹಾಕುವಾಗ, ಅಂದರೆ 8ರ ಆಕಾರದ ಗೆರೆಗಳ ನಡುವೆ ಓಡಿಸುವಾಗ, ಎರಡನೆಯ ಸುತ್ತಿನಲ್ಲಿ ಎಡಗಾಲು ನೆಲಕ್ಕೆ ತಾಗಿತು. ನನಗೆ ಎಂಟು ಬಾರದೆ ಇರಲಿಲ್ಲ. ಆದರೆ ಅಲ್ಲಿ ಬಿಳಿ ಗೆರೆಯನ್ನು ಕಂಡೊಡನೆ, ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವಾಗ ಗೋಡೆಯನ್ನೇ ನೋಡುತ್ತೇವಲ್ಲ, ಹಾಗೆಯೇ ಮುಂದಿನ ಚಕ್ರದ ಬಳಿಯ ಗೆರೆಯನ್ನು ನೋಡತೊಡಗಿದೆ. ಬೈಕು ಕಣ್ಣು ಹೋದಲ್ಲಿಗೆ ಹೋಗುತ್ತದೆ. ಗೆರೆಯನ್ನು ನೋಡಿದೆ, ಗೆರೆಯ ಕಡೆಗೇ ವಾಲಿತು. ಏಳು ದಿನ ಕಳೆದ ಮೇಲೆ ಮತ್ತೆ ಹೋಗಬಹುದು.

ಜುಲೈ 18, ಶುಕ್ರವಾರ

ಉತ್ತೀರ್ಣನಾದೆ. ವಾರವಿಡೀ ಎಂಟು ಇಟ್ಟಿಗೆಗಳನ್ನಿಟ್ಟು ಅಭ್ಯಾಸ ಮಾಡಿದ್ದೆ: ಆಕ್ಸಿಲರೇಟರ್ ಒಂದೇ ಹದದಲ್ಲಿ, ವೇಗದ ಹಿಡಿತ ಹಾಫ್ ಕ್ಲಚ್ ಮತ್ತು ಹಿಂದಿನ ಬ್ರೇಕಿನಲ್ಲಿ, ಮುಂದಿನ ಬ್ರೇಕಿನ ಮೇಲೆ ಬೆರಳೇ ಇಲ್ಲ, ಗಲ್ಲ ಯಾವಾಗಲೂ ಮುಂದಿನ ತಿರುವಿನ ಕಡೆಗೆ. ಬೈಕಿನ ಎಲ್ ಹಾಳೆಗಳನ್ನು ಮಗಳು ಕಿತ್ತಳು.

ಜುಲೈ 27, ಭಾನುವಾರ

ಶ್ರೀರಂಗಪಟ್ಟಣಕ್ಕೆ ಒಬ್ಬನೇ ಹೋಗಿಬಂದೆ. ಕಾರಿನಲ್ಲಿ ಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರುಬದುರಾಗಿ ಬರುವವರು, ಗದ್ದೆಯ ದಾರಿಯಿಂದ ಏರಿಬರುವ ಟ್ರ್ಯಾಕ್ಟರುಗಳು, ಬಣ್ಣ ಮಾಸಿದ ಹಂಪುಗಳು. ನಲವತ್ತೈದನ್ನು ದಾಟಲಿಲ್ಲ. ಹಂಪು ಬಂದಾಗ ಅದಕ್ಕೆ ಮುಂಚೆಯೇ ಬ್ರೇಕು ಹಿಡಿದು ಬಿಟ್ಟು, ಫುಟ್‌ರೆಸ್ಟಿನ ಮೇಲೆ ತುಸು ಎದ್ದು ದಾಟುವುದು ಈಗ ತಾನಾಗಿ ಆಗುತ್ತಿದೆ.

ಆಗಸ್ಟ್ 3, ಭಾನುವಾರ

ಹೆಂಡತಿಯನ್ನು ಮೊದಲ ಬಾರಿಗೆ ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರಿಂದಲೇ ಕಡ್ಡಾಯ. ಅವಳಿಗೆಂದು ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟನ್ನು ಅಂಗಡಿಯಲ್ಲಿ ನಾಲ್ಕು ಹಾಕಿ ನೋಡಿ, ಅಳತೆ ಸರಿಹೊಂದಿದ ಮೇಲೆಯೇ ತಂದಿದ್ದೆವು. ಆಷಾಢದ ಜನಸಂದಣಿ ಮುಗಿದಿತ್ತು. ಆರೂಕಾಲಿಗೆಲ್ಲ ಏರು ಆರಂಭಿಸಿದೆವು.

ಹಿಂದೆ ಭಾರ ಕುಳಿತಾಗ ಬೈಕು ಬೇರೆಯದೇ ಆಗುತ್ತದೆ. ಹೊರಡುವಾಗ ಹ್ಯಾಂಡಲ್ ಹಗುರವೆನಿಸುತ್ತದೆ, ನಿಲ್ಲಿಸಲು ಹೆಚ್ಚು ದೂರ ಬೇಕು. ಅವಳು ತಿರುವಿನಲ್ಲಿ ನನ್ನ ವಿರುದ್ಧ ಬದಿಗೆ ವಾಲುತ್ತಿದ್ದಳು. ವ್ಯೂ ಪಾಯಿಂಟಿನಲ್ಲಿ ನಿಲ್ಲಿಸಿ, ತಿರುವು ಯಾವ ಕಡೆಗೋ ಆ ಕಡೆಯ ನನ್ನ ಭುಜದ ಮೇಲಿನಿಂದ ರಸ್ತೆ ನೋಡು ಎಂದೆ. ಅಲ್ಲಿಂದ ಮುಂದೆ ಇಬ್ಬರೂ ಒಂದೇ ಮೈಯಂತೆ ವಾಲಿದೆವು.

ಇಳಿಯುವಾಗ ಕಾರಿನ ಘಟ್ಟದ ಪಾಠವೇ ಸಾಕಾಯಿತು: ಎರಡನೇ ಗೇರು, ಎಂಜಿನ್ನಿನ ಹಿಡಿತ, ತಿರುವಿಗೆ ಮುಂಚೆಯೇ ವೇಗ ತಗ್ಗಿಸುವುದು. ನಂದಿಯ ಕಡೆಗೆ ಕವಲೊಡೆಯುವ ದಾರಿಯನ್ನು ದಾಟಿದ ಮೇಲೆ ಒಂದು ತಿರುವಿನಾಚೆ ಕೋತಿಯೊಂದು ಮರಿಯನ್ನು ಅವಚಿಕೊಂಡು ರಸ್ತೆಗೆ ಇಳಿಯಿತು. ಬಲಗೈ ಬ್ರೇಕನ್ನು ಹಿಂಡಿತು, ಬಲಗಾಲು ಮೆಲ್ಲಗೆ ಒತ್ತಿತು, ಎಡಗೈ ಕ್ಲಚ್ಚನ್ನು ಎಳೆಯಿತು. ಗಾಡಿ ನೇರವಾಗಿ ನಿಂತಿತು. ಎಡಗಾಲು ಗೇರನ್ನು ಮುಟ್ಟದೆ ನೇರವಾಗಿ ನೆಲಕ್ಕೆ ಇಳಿದಿತ್ತು. ಕೋತಿ ದಾಟಿ ಹೋಗುವವರೆಗೆ ಕಾದು, ಗೇರನ್ನು ಒಂದಕ್ಕೆ ಇಳಿಸಿ ಹೊರಟೆವು.