ಹರಳೆಣ್ಣೆ ಮತ್ತು ಗಾಳಿಚೀಲ

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನಲ್ಲಿ ಬಿಗಲ್ಸ್‌ವೇಡ್ ಪಟ್ಟಣದ ಹತ್ತಿರ ಓಲ್ಡ್ ವಾರ್ಡನ್ ಎಂಬ ಹಳ್ಳಿಯಿದೆ. ಶಟಲ್‌ವರ್ತ್ ಸಂಗ್ರಹದ ಹಳೇ ವಿಮಾನಗಳು ಹಾರುವುದು ಅಲ್ಲಿನ ಹುಲ್ಲಿನ ರನ್‌ವೇಯಿಂದ. ಜೂನ್ ತಿಂಗಳ ಒಂದು ಶನಿವಾರ ಸಂಜೆಯ ಪ್ರದರ್ಶನಕ್ಕೆ ಹೋಗಿದ್ದೆವು. ಗೇಟು ದಾಟಿದವರೆಲ್ಲ ಮೊದಲು ತಲೆಯೆತ್ತಿ ನೋಡುತ್ತಿದ್ದುದು ಗಾಳಿಯ ದಿಕ್ಕು, ಜೋರು ತೋರಿಸುವ, ಕಂಬದ ಮೇಲಿನ ಗಾಳಿಚೀಲವನ್ನು. ಐದು ಗಂಟೆಗೆ ಅದು ಅರ್ಧಕ್ಕಿಂತ ಹೆಚ್ಚು ಉಬ್ಬಿ ನಿಂತಿತ್ತು, ಅಂದಾಜು ಹತ್ತು ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ಗಾಳಿ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರಿಗೆ ಅದು ಲೆಕ್ಕಕ್ಕೇ ಇಲ್ಲ. 1909ರ ಬ್ಲೇರಿಯೋ ವಿಮಾನವನ್ನು ಅಷ್ಟು ಗಾಳಿಗೆ ಯಾರೂ ಹೊರಗೆ ತರುವುದಿಲ್ಲ.

ಪ್ರದರ್ಶನವನ್ನು ಸಂಜೆಗೆ ಇಡುವುದಕ್ಕೆ ಕಾರಣವೂ ಇದೇ. ಹಗಲಲ್ಲಿ ಬಿಸಿಲಿಗೆ ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಕುತ್ತಿರುತ್ತದೆ, ಮೇಲಿನ ಜೋರು ಗಾಳಿ ನೆಲದವರೆಗೂ ಇಳಿಯುತ್ತದೆ. ಹೊತ್ತು ಇಳಿದು ನೆಲ ತಣ್ಣಗಾದಂತೆ ಆ ಕಲಕಾಟ ನಿಂತು, ನೆಲದ ಹತ್ತಿರದ ಪದರ ಸುಮ್ಮನಾಗುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ಒಂಬತ್ತು ದಾಟಿರುತ್ತದೆ. ಅತಿ ಹಳೆಯ ವಿಮಾನಗಳ ಸರದಿ ಬರುವುದು ಆ ಕೊನೆಯ ಗಂಟೆಯಲ್ಲಿ, ಅದೂ ಗಾಳಿ ಒಪ್ಪಿದರೆ ಮಾತ್ರ.

ಹಾರಾಟಕ್ಕೆ ಮುಂಚೆ ವಿಮಾನಗಳ ಸಾಲಿನ ಪಕ್ಕ ಓಡಾಡಲು ಬಿಟ್ಟಿದ್ದರು. ಮೊದಲ ಮಹಾಯುದ್ಧದ ಯುದ್ಧವಿಮಾನ ಸಾಪ್‌ವಿತ್ ಪಪ್‌ನ ಹತ್ತಿರ ಬಂದಾಗ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು: ಹರಳೆಣ್ಣೆ. ನಮ್ಮಲ್ಲಿ ಮಕ್ಕಳ ನೆತ್ತಿಗೆ ತಟ್ಟುವ, ಹೊಟ್ಟೆ ಕಟ್ಟಿದಾಗ ಕುಡಿಸುವ ಅದೇ ಎಣ್ಣೆ, ಉತ್ತರ ಕರ್ನಾಟಕದವರ ಔಡಲೆಣ್ಣೆ. ಎಂಜಿನ್ನಿನ ಮುಸುಕಿನ ಕೆಳಗೆ, ಹೊಟ್ಟೆಯ ಬಟ್ಟೆಯ ಮೇಲೆ, ಚಕ್ರದ ಕಾಲುಗಳ ಮೇಲೆ, ಎಲ್ಲೆಲ್ಲೂ ಅದರ ತೆಳು ಪಸೆ.

ಇದು ಸೋರಿಕೆಯಲ್ಲ. ಪಪ್‌ನಲ್ಲಿರುವುದು 80 ಅಶ್ವಶಕ್ತಿಯ ಲೆ ರೋನ್ ರೋಟರಿ ಎಂಜಿನ್. ಮಾಮೂಲಿ ಎಂಜಿನ್ನಿನಲ್ಲಿ ಸಿಲಿಂಡರುಗಳು ನಿಂತಿರುತ್ತವೆ, ನಡುವಿನ ಅಚ್ಚು, ಅಂದರೆ ಕ್ರ್ಯಾಂಕ್‌ಶಾಫ್ಟ್, ತಿರುಗುತ್ತದೆ. ಇದರಲ್ಲಿ ಕ್ರ್ಯಾಂಕ್‌ಶಾಫ್ಟನ್ನು ವಿಮಾನದ ಮೈಗೆ ಬಿಗಿದುಬಿಟ್ಟಿದ್ದಾರೆ. ಒಂಬತ್ತು ಸಿಲಿಂಡರುಗಳೂ ಪ್ರೊಪೆಲ್ಲರಿನ ಜತೆಗೇ ನಿಮಿಷಕ್ಕೆ ಸುಮಾರು 1,200 ಸುತ್ತು ಗಿರಗಿರನೆ ತಿರುಗುತ್ತವೆ. ವಿಮಾನ ನಿಂತಲ್ಲೇ ಇದ್ದರೂ ಸಿಲಿಂಡರುಗಳು ತಮ್ಮ ಗಾಳಿಯನ್ನು ತಾವೇ ಬೀಸಿಕೊಂಡು ತಣ್ಣಗಾಗುತ್ತವೆ, ಬೇರೆ ಫ್ಲೈವೀಲ್ ಬೇಡ, ತೂಕ ಕಡಿಮೆ. ಆದರೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಟೊಳ್ಳು ಕ್ರ್ಯಾಂಕ್‌ಶಾಫ್ಟಿನ ಒಳಗಿನಿಂದ ಅದರ ಸುತ್ತಲಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ತಾಮ್ರದ ಕೊಳವೆಗಳಲ್ಲಿ ಸಿಲಿಂಡರಿನ ತಲೆಗೆ ಹೋಗಬೇಕು. ಅಂದರೆ ಬೇರಿಂಗುಗಳಿರುವ ಜಾಗವೇ ಪೆಟ್ರೋಲಿನ ದಾರಿ. ಅಲ್ಲಿ ಖನಿಜ ತೈಲ ಹಾಕಿದರೆ ಪೆಟ್ರೋಲಿನಲ್ಲಿ ಕರಗಿ ತೊಳೆದುಹೋಗಿ ಎಂಜಿನ್ ಕಚ್ಚಿಕೊಳ್ಳುತ್ತದೆ. ಹರಳೆಣ್ಣೆ ಪೆಟ್ರೋಲಿನ ಜತೆ ಸುಲಭಕ್ಕೆ ಬೆರೆಯುವುದಿಲ್ಲ, ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಒಮ್ಮೆ ಒಳಗೆ ಹೋದ ಎಣ್ಣೆ ತಿರುಗಿ ಟ್ಯಾಂಕಿಗೆ ಬರುವುದಿಲ್ಲ, ಹೊಗೆಯ ಜತೆ ಆಚೆಗೆ. ಮೊದಲ ಮಹಾಯುದ್ಧದ ಕಾಲಕ್ಕೆ ನಮ್ಮ ದೇಶದ ಹರಳಿಗೆ ಅಷ್ಟು ಬೇಡಿಕೆ ಬಂದದ್ದರ ಹಿಂದೆ ಈ ಎಂಜಿನ್ನುಗಳ ಬಾಯಾರಿಕೆಯೂ ಇತ್ತು.

ಶುರು ಮಾಡುವುದನ್ನು ಹತ್ತಿರದಿಂದ ನೋಡಬೇಕು. ಚಕ್ರಗಳಿಗೆ ಅಡ್ಡಗಟ್ಟೆ, ಬಾಲಕ್ಕೆ ಒಬ್ಬರ ಭಾರ, ರೆಕ್ಕೆಯ ತುದಿಗಳಿಗೆ ಇಬ್ಬರು. ಬ್ರೇಕ್ ಅನ್ನುವುದೇ ಇಲ್ಲದ ವಿಮಾನ ಇದು. ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನ ತಿರುಗಿಸುತ್ತಾ ಒಂದೊಂದೇ ಸಿಲಿಂಡರನ್ನು ಎದುರಿಗೆ ತಂದು, ಎಕ್ಸಾಸ್ಟ್ ವಾಲ್ವ್ ತೆರೆದಲ್ಲಿ ಸಿರಿಂಜಿನಿಂದ ಸ್ವಲ್ಪ ಪೆಟ್ರೋಲು ಹಾಕುತ್ತಾರೆ. ಕಡಿಮೆಯಾದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ, ಪ್ರೊಪೆಲ್ಲರ್ ಬೀಸುವವರ ತೋಳು ಸೋಲುತ್ತದೆ. ಹೆಚ್ಚಾದರೆ ಉಳಿದ ಪೆಟ್ರೋಲು ಮುಸುಕಿನ ತಳದಲ್ಲಿ ನಿಂತು, ಮೊದಲ ಕಿಡಿಗೇ ಬೆಂಕಿ ಹಿಡಿಯಬಹುದು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದವರು ಅದಕ್ಕೇ ಪಕ್ಕದಲ್ಲಿ ನಿಂತಿರುತ್ತಾರೆ. ನಂತರ ಪೈಲಟ್ಟೂ ಬೀಸುವವರೂ ಒಬ್ಬರ ಮಾತನ್ನು ಇನ್ನೊಬ್ಬರು ತಿರುಗಿ ಹೇಳಿ, ಸ್ವಿಚ್ ಆಫ್ ಇದೆಯೆಂದು ಖಾತ್ರಿ ಮಾಡಿಕೊಂಡು ಒಂದೆರಡು ಸುತ್ತು ಎಳೆದು, ಆಮೇಲೆ ‘ಕಾಂಟ್ಯಾಕ್ಟ್’ ಎಂದು ಕೂಗಿ ಸ್ವಿಚ್ ಹಾಕುತ್ತಾರೆ. ಹೊತ್ತಿಕೊಂಡ ಕೂಡಲೇ ನೀಲಿ ಹೊಗೆ ಒಮ್ಮೆ ಇಡೀ ಸಾಲನ್ನು ಮುಚ್ಚಿತು. ಪೈಲಟ್ಟಿನ ಕಣ್ಣು ಆಗ ಎದುರಿನ ಚಿಕ್ಕ ಗಾಜಿನ ಬುರುಡೆಯ ಮೇಲೆ. ಅದರೊಳಗೆ ಎಣ್ಣೆ ನಾಡಿ ಬಡಿದ ಹಾಗೆ ಏರಿಳಿಯುತ್ತಿದ್ದರೆ ಪಂಪು ಕೆಲಸ ಮಾಡುತ್ತಿದೆ. ಬಡಿತ ನಿಂತರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು.

ಇದರಲ್ಲಿ ಶಕ್ತಿ ಹೆಚ್ಚು ಕಡಿಮೆ ಮಾಡಲು ನಮಗೆ ಗೊತ್ತಿರುವಂಥ ಥ್ರಾಟಲ್ ಇಲ್ಲ. ಎರಡು ಸನ್ನೆಗೋಲುಗಳು: ಒಂದು ಗಾಳಿಗೆ, ಇನ್ನೊಂದು ಪೆಟ್ರೋಲಿಗೆ. ಎರಡನ್ನೂ ಹೊಂದಿಸುವ ಕೆಲಸ ಪೈಲಟ್ಟಿನದೇ. ಒಂದನ್ನು ಸರಿಸಿದ ಪರಿಣಾಮ ಎಂಜಿನ್ನಿಗೆ ಮುಟ್ಟಲು ಕೆಲವು ಸೆಕೆಂಡು ಹಿಡಿಯುತ್ತದೆ. ಪೆಟ್ರೋಲು ಹೆಚ್ಚಾಗಿ ಎಂಜಿನ್ ಕಟ್ಟಿಕೊಂಡಾಗ, ಗಾಬರಿಯಲ್ಲಿ ಇನ್ನಷ್ಟು ಪೆಟ್ರೋಲು ಕೊಟ್ಟರೆ ಕೆಲಸ ಕೆಟ್ಟಿತು. ಪೆಟ್ರೋಲಿನ ಸನ್ನೆಗೋಲನ್ನು ಹಿಂದಕ್ಕೆಳೆದು, ಮೂತಿಯನ್ನು ಕೆಳಗಿಟ್ಟು ಕಾಯಬೇಕು. ಹಾರಿದ ಹೊಸತರಲ್ಲಿ, ಕಾಯುವಷ್ಟು ಎತ್ತರವೇ ಇಲ್ಲದಾಗ, ಇದು ಎಷ್ಟೋ ಹೊಸ ಪೈಲಟ್ಟುಗಳ ಪ್ರಾಣ ತೆಗೆದಿದೆ.

ಇಳಿಯುವಾಗ ಕೇಳುವ ಬುರ್ರ್, ಮೌನ, ಬುರ್ರ್ ಸದ್ದು ಪೈಲಟ್ ವಿಮಾನ ನಡೆಸುವ ಕಡ್ಡಿಯ ಮೇಲಿನ ಗುಂಡಿಯದು. ಅದನ್ನು ಒತ್ತಿದಷ್ಟು ಹೊತ್ತು ಕಿಡಿ ನಿಲ್ಲುತ್ತದೆ, ಪೆಟ್ರೋಲು ನಿಲ್ಲುವುದಿಲ್ಲ. ಜಾಸ್ತಿ ಹೊತ್ತು ಒತ್ತಿದರೆ ಪ್ಲಗ್ಗುಗಳಿಗೆ ಎಣ್ಣೆ ಮೆತ್ತುತ್ತದೆ, ಸುಡದ ಮಿಶ್ರಣ ಮುಸುಕಿನೊಳಗೆ ಸೇರಿಕೊಳ್ಳುತ್ತದೆ, ಗುಂಡಿ ಬಿಟ್ಟಾಗ ಹೊತ್ತಿ ಉರಿಯಬಹುದು. ಪಳಗಿದವರು ಗುಂಡಿಯನ್ನು ಚಿಕ್ಕ ಚಿಕ್ಕದಾಗಿ ಒತ್ತುತ್ತಾರೆ. ಆ ಸಂಜೆ ಪಪ್ ಇಳಿಸಿದವರ ಕೈಯಲ್ಲಿ ಆ ಲಯ ಕೇಳುವಂತಿತ್ತು.

ತಿರುಗುವ ಆ ಭಾರದ ಇನ್ನೊಂದು ಗುಣ ತಿರುವಿನಲ್ಲಿ ಕಾಣುತ್ತದೆ. ಪೈಲಟ್ ಕೂತ ಕಡೆಯಿಂದ ಎಂಜಿನ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಬುಗುರಿಯಂತೆ ಅದು ತನ್ನ ಅಕ್ಷ ಬಿಡಲು ಒಪ್ಪುವುದಿಲ್ಲ. ಬಲಕ್ಕೆ ತಿರುಗಿಸಿದರೆ ಮೂತಿ ಕೆಳಗೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಮೇಲೇಳುತ್ತದೆ. ಎರಡು ಕಡೆಗೂ ಬಾಲದ ಚುಕ್ಕಾಣಿಯ ಎಡ ಪೆಡಲ್ ಬೇಕಾಗುತ್ತದೆ. ಪಪ್‌ನಲ್ಲಿ ಇದು ಸೌಮ್ಯ. ದೊಡ್ಡ ಎಂಜಿನ್ನಿನ ಗಿಡ್ಡ ಸಾಪ್‌ವಿತ್ ಕ್ಯಾಮೆಲ್‌ನಲ್ಲಿ ಮೈಮರೆಯುವಂತಿಲ್ಲ.

ಈ ಪಪ್ ಉಳಿದು ಬಂದ ಬಗೆ ಹೇಳಬೇಕು. ಇದು ಹುಟ್ಟಿದ್ದು ಯುದ್ಧವಿಮಾನವಾಗಿ ಅಲ್ಲ. ಯುದ್ಧ ಮುಗಿದ ಮೇಲೆ ಪಪ್‌ನ ಮಾದರಿಯಲ್ಲೇ ಮಾಡಿದ ಎರಡು ಸೀಟಿನ ನಾಗರಿಕ ವಿಮಾನ ಸಾಪ್‌ವಿತ್ ಡವ್ ಆಗಿತ್ತು. ಈ ಸಂಗ್ರಹ ಶುರುಮಾಡಿದ ರಿಚರ್ಡ್ ಶಟಲ್‌ವರ್ತ್ ಅದನ್ನು 1930ರ ದಶಕದಲ್ಲಿ ಕೊಂಡು ಪಪ್ ರೂಪಕ್ಕೆ ತಂದರು. ಪಕ್ಕದಲ್ಲಿದ್ದ ಯುದ್ಧವಿಮಾನ ಎಸ್‌ಇ5ಎ ನಿಜವಾಗಿ 1918ರಲ್ಲಿ ಯುದ್ಧ ಮಾಡಿದ್ದು. ಆಮೇಲೆ ಆಕಾಶದಲ್ಲಿ ಹೊಗೆಯಿಂದ ಜಾಹೀರಾತು ಬರೆಯುವ ಕೆಲಸಕ್ಕೆ ಸೇರಿದ್ದರಿಂದಲೇ ಗುಜರಿಗೆ ಹೋಗದೆ ಉಳಿಯಿತು. ಸೈನ್ಯ ಬೇಡವೆಂದು ಬಿಟ್ಟದ್ದನ್ನು ಹೊಟ್ಟೆಪಾಡಿನ ಉದ್ಯೋಗ ಕಾಪಾಡಿದ ಉದಾಹರಣೆಗಳು ಇಂಥ ಸಂಗ್ರಹಗಳಲ್ಲಿ ಬೇಕಾದಷ್ಟಿವೆ. ರಿಚರ್ಡ್ ಮಾತ್ರ 1940ರ ಆಗಸ್ಟಿನಲ್ಲಿ, ವಾಯುಪಡೆಯ ರಾತ್ರಿ ಹಾರಾಟದ ಅಪಘಾತದಲ್ಲಿ ತೀರಿಕೊಂಡರು. ವಿಮಾನಗಳನ್ನು ಮಾರದೆ ಟ್ರಸ್ಟ್ ಮಾಡಿ ಉಳಿಸಿದ್ದು ಅವರ ತಾಯಿ ಡೊರೊಥಿ.

ಏಳು ಗಂಟೆಯ ಹೊತ್ತಿಗೆ ಎರಡನೇ ಮಹಾಯುದ್ಧದ ಲೈಸಾಂಡರ್ ವಿಮಾನ ಬಂತು. ಬರ್ಮಾದಲ್ಲಿ 1942ರಲ್ಲಿ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಈ ಜಾತಿಯನ್ನೇ. ವೇಗ ಕಡಿಮೆಯಾದಂತೆ ರೆಕ್ಕೆಯ ಮುಂದಂಚಿನ ಪಟ್ಟಿಗಳು ತಾವಾಗಿಯೇ ಹೊರಗೆ ಬರುವುದು ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಂಡಿತು. ಲೈಸಾಂಡರಿನ ಅಪಾಯ ಬೇರೆ ಕಡೆಯಿದೆ. ಇಳಿಯುವುದಕ್ಕೆಂದು, ಮೂತಿಯ ಏರಿಳಿತ ಹೊಂದಿಸುವ ಬಾಲದ ಟ್ರಿಮ್ಮನ್ನು ಪೂರ್ತಿ ಹಿಂದಕ್ಕೆ ಸುತ್ತಿರುತ್ತಾರೆ. ಇಳಿಯಲಾಗದೆ ಮತ್ತೆ ಪೂರಾ ಶಕ್ತಿ ಕೊಟ್ಟರೆ ಮೂತಿ ಒಮ್ಮೆಲೇ ಮೇಲೆದ್ದು ನಿಲ್ಲುತ್ತದೆ, ಕಡ್ಡಿ ತಳ್ಳಿ ತಡೆಯುವುದು ಕಷ್ಟ. ಟ್ರಿಮ್ ಚಕ್ರವನ್ನು ಮುಂದಕ್ಕೆ ಸುತ್ತುತ್ತಾ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಕೊಡಬೇಕು.

ಜನ ಹೆಚ್ಚು ಕಾದದ್ದು ಕೆಂಪು ಬಣ್ಣದ ಪಂದ್ಯದ ವಿಮಾನ ಡಿಎಚ್ 88 ಕಾಮೆಟ್‌ಗೆ. ಹೆಸರು ಗ್ರೋವೆನರ್ ಹೌಸ್, ನೋಂದಣಿ ಜಿ-ಎಸಿಎಸ್‌ಎಸ್. 1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಮೆಲ್ಬರ್ನ್‌ಗೆ ನಡೆದ ಪಂದ್ಯವನ್ನು ಸ್ಕಾಟ್ ಮತ್ತು ಕ್ಯಾಂಬೆಲ್ ಬ್ಲ್ಯಾಕ್ ಇದರಲ್ಲಿ 71 ಗಂಟೆಯೊಳಗೆ ಮುಗಿಸಿದರು. ಕಡ್ಡಾಯ ನಿಲ್ದಾಣಗಳಲ್ಲಿ ನಮ್ಮ ಅಲಹಾಬಾದ್ ಕೂಡ ಒಂದು. ತಿಮೋರ್ ಸಮುದ್ರದ ಮೇಲೆ ಒಂದು ಎಂಜಿನ್ನಿನ ಎಣ್ಣೆಯ ಒತ್ತಡ ಕುಸಿದು, ಆ ಎಂಜಿನ್ನಿನ ಶಕ್ತಿ ತಗ್ಗಿಸಿಕೊಂಡೇ ದಡ ಸೇರಿದರು. ಇನ್ನೊಂದು ಕಾಮೆಟ್‌ನಲ್ಲಿದ್ದ ಮಾಲಿಸನ್ ದಂಪತಿ ಕರಾಚಿಯವರೆಗೆ ದಾಖಲೆ ವೇಗದಲ್ಲಿ ಬಂದವರು, ದಾರಿತಪ್ಪಿ ಜಬಲ್‌ಪುರದಲ್ಲಿ ಇಳಿದು ಸಿಕ್ಕಿದ ಸಾಧಾರಣ ಪೆಟ್ರೋಲು ತುಂಬಿಸಿಕೊಂಡರು. ಪಂದ್ಯಕ್ಕೆಂದು ಕಂಪ್ರೆಷನ್ ಏರಿಸಿದ್ದ ಜಿಪ್ಸಿ ಸಿಕ್ಸ್ ಆರ್ ಎಂಜಿನ್ನಿಗೆ ಆ ಪೆಟ್ರೋಲು ತಡೆಯಲಿಲ್ಲ. ಸಿಲಿಂಡರಿನೊಳಗೆ ಅಕಾಲದಲ್ಲಿ ಸಿಡಿಯುತ್ತಾ ಎಂಜಿನ್ ಹಾಳಾಗಿ, ಅಲಹಾಬಾದಿನಲ್ಲೇ ಅವರ ಪಂದ್ಯ ಮುಗಿಯಿತು.

ಕಾಮೆಟ್‌ಗೆ ಆ ಕಾಲದಲ್ಲಿದ್ದ, ಫ್ರಾನ್ಸಿನ ರಾಟಿಯೇ ಕಂಪನಿಯ ಪ್ರೊಪೆಲ್ಲರಿನಷ್ಟು ಸರಳ ಜಾಣ್ಮೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾರುವ ಮುಂಚೆ ಸೈಕಲ್ ಪಂಪಿನಿಂದ ಪ್ರೊಪೆಲ್ಲರಿನ ಗುಂಬದೊಳಗೆ ಗಾಳಿ ತುಂಬುತ್ತಿದ್ದರು. ಆ ಒತ್ತಡ ಅಲಗುಗಳನ್ನು ನೆಲ ಬಿಡಲು ಬೇಕಾದ ಸಣ್ಣ ಕೋನದಲ್ಲಿ ಹಿಡಿದಿಡುತ್ತಿತ್ತು. ತುದಿಯಲ್ಲಿ ಒಂದು ಚಪ್ಪಟೆ ಬಿಲ್ಲೆ. ವೇಗ ಗಂಟೆಗೆ ಸುಮಾರು 150 ಮೈಲಿ ಮುಟ್ಟಿದಾಗ ಎದುರುಗಾಳಿ ಬಿಲ್ಲೆಯನ್ನು ಒಳಗೆ ತಳ್ಳಿ ಒಳಗಿನ ಗಾಳಿಯನ್ನು ಬಿಟ್ಟುಬಿಡುತ್ತಿತ್ತು, ಅಲಗುಗಳು ದೂರದ ಓಟದ ಕೋನಕ್ಕೆ ಹೊರಳುತ್ತಿದ್ದವು. ಹಾರುವಾಗ ಮತ್ತೆ ಹಿಂದಕ್ಕೆ ತರಲಾಗುತ್ತಿರಲಿಲ್ಲ. ಹಾಗಾಗಿ ಇಳಿಯುವ ಪ್ರಯತ್ನ ತಪ್ಪಿದರೆ, ದೊಡ್ಡ ಕೋನದ ಅಲಗುಗಳಿಂದಲೇ ಮೇಲೇಳಬೇಕಿತ್ತು, ವೇಗ ಹತ್ತುವುದು ಬಲು ನಿಧಾನವಾಗಿತ್ತು. ಅದರ ಮೇಲೆ ಚೂಪಾಗುತ್ತಾ ಹೋಗುವ ರೆಕ್ಕೆಗಳು. ವೇಗ ಕಳೆದರೆ ಮೊದಲು ತುದಿಯೇ ಎತ್ತುವ ಶಕ್ತಿ ಕಳೆದುಕೊಂಡು ಒಂದು ಕಡೆ ವಾಲಿಬಿಡುತ್ತದೆ. ಪೈಲಟ್ಟಿನ ಮುಂದೆ ಇಂಧನದ ಟ್ಯಾಂಕುಗಳು ತುಂಬಿದ ಉದ್ದ ಮೂತಿ, ಬಾಲ ನೆಲದಲ್ಲಿದ್ದಾಗ ಎದುರು ಏನೂ ಕಾಣದು. ಎಷ್ಟೋ ವರ್ಷ ಹಾರದೆ ಇದ್ದ ಈ ವಿಮಾನ 2014ರ ಆಗಸ್ಟ್ 1ರಂದು ಮತ್ತೆ ಹಾರಿತು. ಆ ಸಂಜೆ ಅದು ಹುಲ್ಲಿನ ಮೇಲೆ ಮುಂದಿನ ಎರಡು ಚಕ್ರಗಳಲ್ಲಿ, ಬಾಲ ಎತ್ತಿಯೇ, ಮೆತ್ತಗೆ ಇಳಿದಾಗ ಸುತ್ತ ನಿಂತವರೆಲ್ಲ ಉಸಿರು ಬಿಟ್ಟದ್ದು ಕೇಳಿಸಿತು.

ಎಂಟೂವರೆಗೆ ಗಾಳಿಚೀಲ ಕಂಬಕ್ಕೆ ಒರಗಿ ಇಳಿಬಿತ್ತು. ಶೆಡ್ಡಿನಿಂದ ಮೊದಲು 1912ರ ಬ್ಲ್ಯಾಕ್‌ಬರ್ನ್ ಬಂತು. ಹಾರುವ ಸ್ಥಿತಿಯಲ್ಲಿರುವ ಬ್ರಿಟಿಷ್ ವಿಮಾನಗಳಲ್ಲಿ ಅದೇ ಹಳೆಯದು. ಅದರ 50 ಅಶ್ವಶಕ್ತಿಯ ನೋಮ್ ಎಂಜಿನ್ನಿನಲ್ಲಿ ಒಳಗೆಳೆಯುವ ವಾಲ್ವ್ ಪಿಸ್ಟನ್ನಿನ ನೆತ್ತಿಯಲ್ಲೇ ಕೂತಿದೆ. ಅದು ಸಿಕ್ಕಿಕೊಂಡರೆ ಉರಿ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಅವತ್ತು ಅದು ಒಂದು ಸುತ್ತು ಹಾರಿ ಇಳಿಯಿತು.

ಕೊನೆಗೆ ಬ್ಲೇರಿಯೋ. ಕಾರ್ಖಾನೆಯ ಸಂಖ್ಯೆ 14. 1909ರ ಜುಲೈ 25ರಂದು ಲೂಯಿ ಬ್ಲೇರಿಯೋ ಇದೇ ಮಾದರಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದರು. ಮುಂದೆ ಬೀಸಣಿಗೆಯಂತೆ ಹರಡಿದ ಮೂರು ಸಿಲಿಂಡರಿನ ಅಂಜಾನಿ, 25 ಅಶ್ವಶಕ್ತಿ. ಈ ಎಂಜಿನ್ ತಿರುಗುವುದಿಲ್ಲ, ಆದ್ದರಿಂದ ತಣ್ಣಗಾಗುವುದೂ ಇಲ್ಲ. ಕೆಲವೇ ನಿಮಿಷಕ್ಕೆ ಕಾದು ಶಕ್ತಿ ಇಳಿಯುತ್ತದೆ. ಓರೆಯಾಗಲು ರೆಕ್ಕೆಯಲ್ಲಿ ಬೇರೆ ಹಲಗೆಯಿಲ್ಲ. ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಬೇಕು, ರೆಕ್ಕೆಯ ಉತ್ತರ ನಿಧಾನ. ನೆಲ ಬಿಡುವ ವೇಗಕ್ಕೂ ಅದರ ಗರಿಷ್ಠ ವೇಗಕ್ಕೂ ನಡುವೆ ಅಂತರ ತೀರಾ ಕಡಿಮೆ. ಒಂದು ಸಣ್ಣ ಗಾಳಿಯ ತಳ್ಳು ಆ ಅಂತರವನ್ನು ನುಂಗಿಬಿಡುತ್ತದೆ. ಆದ್ದರಿಂದ ತಿರುವಿಲ್ಲ, ರನ್‌ವೇಯ ನೇರಕ್ಕೇ ಒಂದು ಜಿಗಿತ.

ಪುಟಪುಟ ಸದ್ದಿನೊಂದಿಗೆ ಓಡಿ, ಬಾಲ ಎತ್ತಿ, ಹುಲ್ಲಿನಿಂದ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಸಾಗಿ, ರನ್‌ವೇ ಮುಗಿಯುವ ಮುಂಚೆ ಇಳಿಯಿತು. ಹಾರಿದ್ದು ಹತ್ತಿಪ್ಪತ್ತು ಸೆಕೆಂಡು. ಹಿಂದಕ್ಕೆ ತರಲು ನಾಲ್ಕು ಜನ ಕೈಯಲ್ಲೇ ತಳ್ಳಿಕೊಂಡು ಬಂದರು.

ಜನ ಕಾರುಗಳ ಕಡೆ ಹೊರಟಾಗ ಪಪ್‌ನ ಹತ್ತಿರ ಇಬ್ಬರು ಬಕೆಟ್ಟು, ಸೋಪಿನ ಬಿಸಿನೀರು, ಬಟ್ಟೆ ಹಿಡಿದು ಕೂತಿದ್ದರು. ಹರಳೆಣ್ಣೆಯನ್ನು ಬೆಚ್ಚಗಿರುವಾಗಲೇ ಒರೆಸಬೇಕು. ಬಿಟ್ಟರೆ ವಾರ್ನಿಷಿನಂತೆ ಗಟ್ಟಿಯಾಗಿ, ಧೂಳು ಹಿಡಿದು, ಲಿನನ್ ಬಟ್ಟೆಯ ಮೇಲಿನ ಲೇಪವನ್ನೇ ಕೀಳದೆ ಬರುವುದಿಲ್ಲ. ಒಬ್ಬರು ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಬಾಲದ ಕಡೆಗೆ ಒರೆಸುತ್ತಾ ಹೋಗುತ್ತಿದ್ದರು, ಇನ್ನೊಬ್ಬರು ಒಂದೊಂದೇ ಸಿಲಿಂಡರನ್ನು ಕೆಳಗೆ ತಂದು ನಿಲ್ಲಿಸಿ ಅದರ ಮೈಸುತ್ತಲಿನ ತೆಳು ಲೋಹದ ಪಟ್ಟಿಗಳ ನಡುವೆ ಬಟ್ಟೆ ತೂರಿಸುತ್ತಿದ್ದರು. ನಾವು ಹೊರಡುವಾಗ ಒಂಬತ್ತರಲ್ಲಿ ನಾಲ್ಕು ಮುಗಿದಿದ್ದವು.