ಜರಡಿ, ಐದನೇ ವಾರ: ಸೋಮಾರಿ ಸ್ಟ್ಯಾಟಿಕ್‌ಗಳ ಕಾಟ

ಈ ವಾರ ಜರಡಿಗೆ ಹೊಸ ಫೀಚರ್ ಒಂದೂ ಸೇರಿಲ್ಲ. ಇದ್ದ ಒಂದು ಡಿಪೆಂಡೆನ್ಸಿ (ಹೊರಗಿನಿಂದ ತಂದು ಬಳಸುವ ಕೋಡ್) ಕಿತ್ತುಹಾಕೋಣ ಅಂತ ಕೂತವನು ಮೂರು ರಾತ್ರಿ ಅದರಲ್ಲೇ ಕಳೆದೆ. (ಜರಡಿ ಅಂದರೆ ಲಾಗ್ ಫೈಲ್‌ಗಳನ್ನು ಸೋಸಿ ಬೇಕಾದ ಸಾಲುಗಳನ್ನಷ್ಟೇ ತೋರಿಸುವ ಪುಟ್ಟ ಟೂಲ್. ಬಿಡುವಾದಾಗ ರಸ್ಟ್ ಭಾಷೆಯಲ್ಲಿ ಬರೆಯುತ್ತಿದ್ದೇನೆ.)

ಸಾಲಿನಲ್ಲಿ ದಿನಾಂಕ ಹುಡುಕಲು ಒಂದು ರೆಜೆಕ್ಸ್ (ಅಕ್ಷರಗಳನ್ನು ಹುಡುಕುವ ಪ್ಯಾಟರ್ನ್) ಇದೆ. ಅದನ್ನು ಒಂದೇ ಸಲ ಕಂಪೈಲ್ ಮಾಡಿಟ್ಟು ಎಲ್ಲ ಕಡೆ ಬಳಸಬೇಕು. ಆದರೆ ರಸ್ಟ್‌ನಲ್ಲಿ ಸ್ಟ್ಯಾಟಿಕ್‌ಗೆ (ಪ್ರೋಗ್ರಾಮ್ ಓಡುವಷ್ಟು ಹೊತ್ತೂ ಇರುವ ವೇರಿಯಬಲ್) ಕೊಡುವ ವ್ಯಾಲ್ಯೂ ಪ್ರೋಗ್ರಾಮ್ ಬಿಲ್ಡ್ ಆಗುವಾಗಲೇ ಲೆಕ್ಕಕ್ಕೆ ಸಿಗಬೇಕು. ರೆಜೆಕ್ಸ್ ಹಾಗೆ ಸಿಗುವುದಿಲ್ಲ, ಅದನ್ನು ಕಟ್ಟುವುದು ಪ್ರೋಗ್ರಾಮ್ ಓಡುವಾಗಲೇ. ಹಾಗಾಗಿ ಯಾರಾದರೂ ಮೊದಲ ಸಲ ಕೇಳಿದಾಗ ಕಟ್ಟು, ಆಮೇಲೆ ಅದನ್ನೇ ಕೊಡುತ್ತಿರು ಅನ್ನುವ ಸೋಮಾರಿ ದಾರಿ. ಇದಕ್ಕೆ ಮೊದಲೆಲ್ಲ ಲೇಜಿ-ಸ್ಟ್ಯಾಟಿಕ್ ಮ್ಯಾಕ್ರೊ ಅಥವಾ ಒನ್ಸ್-ಸೆಲ್ ಕ್ರೇಟ್ (ರಸ್ಟ್‌ನ ಲೈಬ್ರರಿ ಪ್ಯಾಕೇಜ್) ಬೇಕಿತ್ತು. 2023ರ ಜೂನ್‌ನಲ್ಲಿ ರಸ್ಟ್ 1.70ರ ಜೊತೆ ಒನ್ಸ್‌ಲಾಕ್ (ಒಂದೇ ಸಲ ತುಂಬಬಹುದಾದ ಡಬ್ಬಿ), 2024ರ ಜುಲೈನಲ್ಲಿ 1.80ರ ಜೊತೆ ಲೇಜಿಲಾಕ್ (ಮೊದಲ ಸಲ ಕೇಳಿದಾಗ ತಾನೇ ತುಂಬಿಕೊಳ್ಳುವ ಡಬ್ಬಿ) ಸ್ಟ್ಯಾಂಡರ್ಡ್ ಲೈಬ್ರರಿಗೇ ಬಂದವು. ಸರಿ, ಇನ್ನು ಜರಡಿಯಲ್ಲಿರುವ ಹಳೆ ಮ್ಯಾಕ್ರೊ ಯಾಕೆ ಅಂದುಕೊಂಡೆ. ಹತ್ತು ನಿಮಿಷದ ಕೆಲಸ ಅಲ್ವಾ?

ಮ್ಯಾಕ್ರೊ ತೆಗೆದು ಲೇಜಿಲಾಕ್ ಹಾಕಿದೆ. ಟೆಸ್ಟ್ ಎಲ್ಲ ಪಾಸ್. ಔಟ್‌ಪುಟ್ ಕೂಡ ಸರಿ. ಆದರೆ ದೊಡ್ಡ ಫೈಲ್ ಕೊಟ್ಟರೆ ಜರಡಿ ತೆವಳುತ್ತಿತ್ತು. ರೆಜೆಕ್ಸ್ ಕಟ್ಟುವ ಕ್ಲೋಷರ್ (ಹೆಸರಿಲ್ಲದ ಪುಟ್ಟ ಫಂಕ್ಷನ್) ಒಳಗೆ ‘ಕಟ್ಟುತ್ತಿದ್ದೇನೆ’ ಅಂತ ಪ್ರಿಂಟ್ ಮಾಡುವ ಒಂದು ಸಾಲು ಹಾಕಿ, 40 ಸಾಲಿನ ಚಿಕ್ಕ ಫೈಲ್ ಓಡಿಸಿ ನೋಡಿದೆ. ಒಂದು ಸಲ ಬರಬೇಕಾದದ್ದು ಸರಿಯಾಗಿ 40 ಸಲ ಬಂತು!

ತಪ್ಪು ನನ್ನದೇ. ಕೋಡ್‌ನ ಮೇಲಿನ ಸಾಲಿನಲ್ಲಿ ಒಂದು ಕಾನ್ಸ್ಟ್ (ಬದಲಾಗದ ವ್ಯಾಲ್ಯೂಗೆ ಇಟ್ಟ ಹೆಸರು) ಇತ್ತು. ಅದನ್ನೇ ಕಾಪಿ ಮಾಡಿ ತಿದ್ದಿದ್ದೆ. ಅಂದರೆ ಸ್ಟ್ಯಾಟಿಕ್ ಅಂತ ಇರಬೇಕಾದ ಕಡೆ ಕಾನ್ಸ್ಟ್ ಅಂತ ಉಳಿದಿತ್ತು. ಸ್ಟ್ಯಾಟಿಕ್‌ಗೆ ಮೆಮೊರಿಯಲ್ಲಿ ಒಂದೇ ಜಾಗ. ಕಾನ್ಸ್ಟ್‌ಗೆ ಅಂಥ ಜಾಗವೇ ಇಲ್ಲ, ಹೆಸರು ಬರೆದ ಕಡೆಯಲ್ಲೆಲ್ಲ ಅದರ ಹೊಸ ಪ್ರತಿ ಬಂದು ಕೂರುತ್ತದೆ. ಹಾಗಾಗಿ ಪ್ರತಿ ಸಾಲಿಗೂ ಒಂದು ಹೊಚ್ಚಹೊಸ ಲೇಜಿಲಾಕ್. ಅದು ಪಾಪ, ತಾನೇ ಮೊದಲು ಅಂದುಕೊಂಡು ರೆಜೆಕ್ಸ್ ಕಟ್ಟಿ, ಒಂದು ಸಾಲು ನೋಡಿ, ಸತ್ತುಹೋಗುತ್ತಿತ್ತು. ಒಂದು ಪದ ಬದಲಿಸಿದೆ, 40 ಹೋಗಿ 1 ಆಯಿತು.

ಎರಡನೇ ತೊಂದರೆ ಇನ್ನೂ ಮಜವಾಗಿತ್ತು, ಈಗ ಹೇಳುವಾಗ ಮಾತ್ರ. ಉತ್ಸಾಹದಲ್ಲಿ ಸೆಟ್ಟಿಂಗ್ಸ್ ಮತ್ತು ಲಾಗರ್ (ಜರಡಿಯ ಮೆಸೇಜ್ ಬರೆಯುವ ಭಾಗ) ಎರಡನ್ನೂ ಲೇಜಿಲಾಕ್ ಮಾಡಿದ್ದೆ. ಎರಡು ದಿನ ಚೆನ್ನಾಗೇ ಓಡಿತು. ಮೂರನೇ ದಿನ ಜರಡಿ ಶುರುವಾದ ಕೂಡಲೇ ನಿಂತಿತು. ಎರರ್ ಇಲ್ಲ, ಪ್ಯಾನಿಕ್ (ತಪ್ಪು ಕಂಡಾಗ ಪ್ರೋಗ್ರಾಮ್ ಕೂಗಿ ನಿಲ್ಲುವುದು) ಇಲ್ಲ, ಸಿಪಿಯು ಬಳಕೆ ಸೊನ್ನೆ. ಸುಮ್ನೆ ಕೂತಿದೆ. ಡಿಬಗರ್ ಹಾಕಿ ಸ್ಟ್ಯಾಕ್ (ಯಾವ ಕೋಡ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ನೋಡಿದೆ. ಇರುವುದು ಒಂದೇ ಥ್ರೆಡ್ (ಕೆಲಸ ಓಡಿಸುವ ಎಳೆ), ಅದರಲ್ಲಿ ಸೆಟ್ಟಿಂಗ್ಸ್ ಎರಡು ಸಲ, ನಡುವೆ ಲಾಗರ್.

ಆಗ ಹೊಳೆಯಿತು. ಬೆಳಿಗ್ಗೆ ಸೆಟ್ಟಿಂಗ್ಸ್ ಫೈಲ್‌ನಲ್ಲಿ ಒಂದು ಹೆಸರು ತಪ್ಪಾಗಿ ಟೈಪ್ ಮಾಡಿದ್ದೆ. ಸೆಟ್ಟಿಂಗ್ಸ್ ಓದುವ ಕೋಡ್ ‘ಇದ್ಯಾವುದು ಗೊತ್ತಿಲ್ಲ’ ಅಂತ ಎಚ್ಚರಿಸಲು ಲಾಗರ್‌ನ ಬಾಗಿಲು ತಟ್ಟಿತು. ಲಾಗರ್‌ಗೆ ಅದೇ ಮೊದಲ ಕರೆ. ಎಷ್ಟು ಮಟ್ಟದ ಮೆಸೇಜ್ ತೋರಿಸಬೇಕು ಅಂತ ಅದು ಸೆಟ್ಟಿಂಗ್ಸ್ ಅನ್ನೇ ಕೇಳಿತು. ಸೆಟ್ಟಿಂಗ್ಸ್ ಇನ್ನೂ ತಯಾರಾಗುತ್ತಿದೆ, ಬೇರೆ ಯಾರೋ ತಯಾರು ಮಾಡುತ್ತಿದ್ದಾರೆ ಅಂತ ಥ್ರೆಡ್ ಕಾಯುತ್ತಾ ಕೂತಿತು. ಆ ‘ಬೇರೆ ಯಾರೋ’ ಅದೇ ಥ್ರೆಡ್! ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಒಂದೇ ಥ್ರೆಡ್‌ಗೆಂದು ಇರುವ ಒನ್ಸ್‌ಸೆಲ್ ಆಗಿದ್ದರೆ ಇಂಥ ಕಡೆ ಪ್ಯಾನಿಕ್ ಆಗಿ ಕೂಗಿಕೊಳ್ಳುತ್ತಿತ್ತು. ನನಗೆ ಅದೇ ಇಷ್ಟ. ಮೌನವಾಗಿ ನಿಲ್ಲುವ ಪ್ರೋಗ್ರಾಮ್‌ಗಿಂತ ಕಿರುಚುವ ಪ್ರೋಗ್ರಾಮ್ ವಾಸಿ.

ಸೆಟ್ಟಿಂಗ್ಸ್‌ನ ಸೋಮಾರಿತನ ಬಿಡಿಸಿದೆ. ಈಗ ಮೇನ್ ಫಂಕ್ಷನ್ ಮೊದಲು ಫೈಲ್ ಓದುತ್ತದೆ, ಎಚ್ಚರಿಕೆಗಳನ್ನು ಒಂದು ಪಟ್ಟಿಯಲ್ಲಿ ಕೂಡಿಡುತ್ತದೆ, ಸೆಟ್ಟಿಂಗ್ಸ್ ಅನ್ನು ಒನ್ಸ್‌ಲಾಕ್‌ಗೆ ಸೆಟ್ ಮಾಡುತ್ತದೆ, ಆಮೇಲೆ ಲಾಗರ್ ಕಟ್ಟುತ್ತದೆ. ಇನ್ನೊಂದು ಲಾಭವೂ ಆಯಿತು. ಫೈಲ್ ಕೆಟ್ಟಿದ್ದರೆ ಲೇಜಿಲಾಕ್‌ನ ಕ್ಲೋಷರ್ ಪ್ಯಾನಿಕ್ ಆಗುತ್ತಿತ್ತು. ಒಮ್ಮೆ ಹಾಗಾದರೆ ಅದು ಪಾಯ್ಸನ್ ಆದ ಹಾಗೆ, ಆಮೇಲೆ ಯಾರು ಮುಟ್ಟಿದರೂ ಪ್ಯಾನಿಕ್. ಈಗ ಮೇನ್‌ನಲ್ಲೇ ರಿಸಲ್ಟ್ (ಓದಿದ್ದು ಸರಿಹೋಯಿತೋ ಇಲ್ಲವೋ ಅನ್ನುವ ಉತ್ತರ) ನೋಡಿ, ಎಷ್ಟನೇ ಸಾಲಿನಲ್ಲಿ ತಪ್ಪಿದೆ ಅಂತ ನೆಟ್ಟಗೆ ಹೇಳಬಹುದು. ರೆಜೆಕ್ಸ್ ಮಾತ್ರ ಸೋಮಾರಿಯಾಗೇ ಇರಲಿ. ಅದರ ಪ್ಯಾಟರ್ನ್ ನನ್ನ ಕೋಡ್‌ನಲ್ಲೇ ಇದೆ, ತಪ್ಪಿದ್ದರೆ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತದೆ.

ಬಾಕಿ ಉಳಿದದ್ದು: ಲಾಗರ್ ಫೈಲ್‌ಗೆ ಬರೆಯುವಾಗ ಕೊನೆಯ ಒಂದಷ್ಟು ಸಾಲು ಮಾಯವಾಗುತ್ತಿವೆ. ಲಾಗರ್‌ನ ಬಫರ್ (ಫೈಲ್‌ಗೆ ಹೋಗುವ ಮೊದಲು ಸಾಲುಗಳು ಕೂಡುವ ಜಾಗ) ಇರುವುದು ಸ್ಟ್ಯಾಟಿಕ್‌ನಲ್ಲಿ, ರಸ್ಟ್‌ನಲ್ಲಿ ಪ್ರೋಗ್ರಾಮ್ ಮುಗಿಯುವಾಗ ಸ್ಟ್ಯಾಟಿಕ್‌ಗಳ ಡ್ರಾಪ್ (ಕೊನೆಗೆ ಎಲ್ಲ ಚೊಕ್ಕ ಮಾಡುವ ಕೋಡ್) ಓಡುವುದಿಲ್ಲ. ಮೇನ್‌ನ ಕೊನೆಗೆ ಬಫರ್ ಖಾಲಿ ಮಾಡಿ ಬರೆಸುವ ಫ್ಲಶ್ ಅನ್ನು ಕೈಯಾರೆ ಹಾಕಬೇಕು. ಆ ‘ಕಟ್ಟುತ್ತಿದ್ದೇನೆ’ ಸಾಲೂ ಕಮಿಟ್ (ಉಳಿಸಿಟ್ಟ ಕೋಡ್ ಬದಲಾವಣೆ) ಜೊತೆ ಹೋಗಿಬಿಟ್ಟಿದೆ, ಅದನ್ನೂ ತೆಗೆಯಬೇಕು.